ಚೌಡಮ್ಮನ ಹಿಂದಿನ ಮುಳ್ಳು

ನಮ್ಮ ಮನೆಯ ದೇವರ ಗೂಡಿನಲ್ಲಿ ಚೌಡೇಶ್ವರಿಯ ಪಟ, ಪುಟ್ಟ ಗಣಪತಿ, ಗಂಗಾಜಲದ ತಂಬಿಗೆ ಇವುಗಳ ಸಾಲಿನಲ್ಲಿ ಒಂದು ಟೆಂಪರೇಚರ್ ಗೇಜು ಕೂಡ ಕೂತಿದೆ. ಹಳೆಯ ಕಾರಿನದು. ಗುಂಡಗಿನ ಡಬ್ಬಿ, ಮುಂದೆ ಗಾಜು, ಗಾಜಿನೊಳಗೆ ಒಂದು ಮುಳ್ಳು, ಹಿಂದೆ ಇಲಿಯ ಬಾಲದಂತೆ ಸುತ್ತಿಕೊಂಡಿರುವ ತಾಮ್ರದ ನಳಿಕೆ. ನನ್ನ ಹೆಂಡತಿ ಶುಕ್ರವಾರ ಶುಕ್ರವಾರ ಎಲ್ಲ ದೇವರಿಗೂ ಕುಂಕುಮವಿಟ್ಟು, ಕೊನೆಗೆ ಅದಕ್ಕೂ ಒಂದು ಬೊಟ್ಟಿಡುತ್ತಾಳೆ. ಮನೆಗೆ ಬಂದವರು ಇದು ಯಾವ ದೇವರು ಎಂದು ಕೇಳಲು ಸಂಕೋಚಪಡುತ್ತಾರೆ. ಕೆಲವರು ಯಾವುದಕ್ಕೂ ಇರಲಿ ಎಂದು ಅದಕ್ಕೂ ಕೈಮುಗಿದು ಹೋಗುತ್ತಾರೆ. ಮುಗಿಯಲಿ ಬಿಡಿ, ಒಂದು ಕಾಲದಲ್ಲಿ ನಾನು ಅದಕ್ಕೆ ಮೂರು ಮೈಲಿಗೊಂದು ಸಲ ಕೈಮುಗಿಯುತ್ತಿದ್ದೆ.

ಮೊದಲು ನನ್ನ ರೋಗದ ವಿಷಯ ಹೇಳಿಬಿಡುತ್ತೇನೆ. ನನಗೆ ಮುಳ್ಳು ನೋಡುವ ರೋಗವಿದೆ. ಗಾಜಿನ ಹಿಂದೆ ಎಲ್ಲೇ ಒಂದು ಮುಳ್ಳು ಅಲ್ಲಾಡಲಿ, ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ. ಇದು ನಮ್ಮ ಕೊಯಮತ್ತೂರಿನ ನೀರಿನ ದೋಷವೂ ಇರಬಹುದು. ಅಲ್ಲಿ ಬಾವಿಗೊಂದು ಪಂಪು, ಪಂಪಿಗೊಂದು ಮೀಟರು, ಮೀಟರಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ ಒಬ್ಬ ಮನುಷ್ಯ. ಅದರ ಮೇಲೆ ಅದೇ ಕೊಯಮತ್ತೂರಿನ ಅಂಚಿನ, ನಮ್ಮ ಮನೆಯಿದ್ದ ಸಿಂಗಾನಲ್ಲೂರಿನ ಒಂದು ಮಿಲ್ಲಿನಲ್ಲಿ ನನಗೆ ಸಿಕ್ಕ ಕೆಲಸವೂ ಅಂಥದೇ. ಗಾಳಿ ಒಣಗಿದರೆ ನೂಲು ಪಟಪಟನೆ ಕಡಿದುಹೋಗುತ್ತದೆ. ಆದ್ದರಿಂದ ಗಂಟೆಗೊಮ್ಮೆ ನೂಲುವ ಹಾಲಿಗೆ ಹೋಗಿ, ಅಲ್ಲಿನ ಗಾಳಿಯಲ್ಲಿ ತೇವ ಎಷ್ಟಿದೆಯೆಂದು ನೋಡಿ ಹಲಗೆಯ ಮೇಲೆ ಬರೆಯುವುದು. ಸಂಬಳ ಕೊಟ್ಟು ರೋಗ ಸಾಕಿದಂತಾಯಿತು.

ಮನೆಯಲ್ಲಿ ಅಮ್ಮ ಅನ್ನಕ್ಕೆ ನೀರು ಹಾಕುವಾಗ ತೋರುಬೆರಳನ್ನು ಪಾತ್ರೆಗಿಳಿಸಿ, “ಒಂದು ಗೆಣ್ಣು, ಸೆರಿಯಾಯ್ತು” ಎನ್ನುತ್ತಿದ್ದರು. ನಾನು ಒಂದು ದಿನ “ಯಾರ ಬೆರಳಿನ ಗೆಣ್ಣು? ನಿಂದಾ, ಅಜ್ಜೀದಾ? ಎರಡೂ ಒಂದೇ ಉದ್ದ ಇಲ್ವಲ್ಲ” ಎಂದು ಕೇಳಿದೆ. ಅಮ್ಮ ಸೌಟಿನಿಂದ ನನ್ನ ಗೆಣ್ಣು ನೋಡಿದರು. ಬೆರಳನ್ನು ನಂಬಬಾರದು, ಮುಳ್ಳನ್ನೇ ನಂಬಬೇಕು ಎಂಬ ನನ್ನ ಸಿದ್ಧಾಂತ ಆ ಏಟಿನಿಂದ ಇನ್ನಷ್ಟು ಗಟ್ಟಿಯಾಯಿತು.

ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ದೊಡ್ಡಪ್ಪ ಒಂದು ಹಳೆಯ ಕಾರು ಕೊಂಡರು. ದೊಡ್ಡಪ್ಪನೆಂದರೆ ಮನೆಗೆ ಯಜಮಾನರು, ಹಿತ್ತಲ ಶೆಡ್ಡಿನ ಹನ್ನೆರಡು ಪವರ್‌ಲೂಮಿಗೆ ಮೇಸ್ತ್ರಿ, ಬೀದಿಗೆ ನ್ಯಾಯಾಧೀಶರು. ನಾವು ತಲೆತಲಾಂತರದಿಂದ ಅಲ್ಲಿ ನೆಲೆಸಿದ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎರಡೂ ಬೆರೆತು ಗಾಡಿ ನಮಗೆ ‘ವಂಡಿ’, ಮುದ್ದಿನ ಹುಡುಗ ‘ಕಣ್ಣು’. ಕನ್ನಡದ ಅಕ್ಷರ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಈಗ ಬರೆಯುತ್ತಿರುವುದು ಕೊಳ್ಳೇಗಾಲದ ಹೆಂಡತಿ ಕಿವಿ ಹಿಂಡಿ ಕಲಿಸಿದ ವಿದ್ಯೆ. ಆ ಹೆಂಡತಿ ಬಂದದ್ದೂ ಈ ಗೇಜಿನ ದೆಸೆಯಿಂದಲೇ. ಅದನ್ನು ಆಮೇಲೆ ಹೇಳುತ್ತೇನೆ.

ದೊಡ್ಡಪ್ಪನಿಗೆ ಕಾರು ಓಡಿಸಲು ಬಾರದು. ಮನೆಯಲ್ಲಿ ಲೈಸೆನ್ಸ್ ಇದ್ದದ್ದು ನನಗೊಬ್ಬನಿಗೆ. ಆದ್ದರಿಂದ ಒಂದು ಶುಭ ಶುಕ್ರವಾರ ಅವರು ನನ್ನನ್ನು ಕರೆದು, ಕೀಯನ್ನು ಅರಿಸಿನ ದಾರಕ್ಕೆ ಕಟ್ಟಿ ಕೈಗೆ ಕೊಟ್ಟು ಹೇಳಿದರು: “ನೋಡು ಕಣ್ಣು, ವಂಡೀನ ಓಡ್ಸು, ತೊಳಿ, ಒರಸು. ಆದ್ರೆ ಇದ್ರಾಗೆ ಒಂದು ತೂತ ಹಾಕ್ದೆ ಅಂದ್ರೆ, ಆವತ್ತೇ ಕೀ ನನ್ನ ಕೈಗೆ ಬಂದ್ಬುಡ್ಬೇಕು.”

ತೂತಿನ ಮೇಲೆ ಅವರಿಗೆ ಹಳೆಯ ದ್ವೇಷ. ಹಿಂದೆ ಯಾರೋ ಜಾಣನೊಬ್ಬ ಅವರ ಮಗ್ಗಕ್ಕೆ ತೂತು ಕೊರೆದು ಏನೋ ಜೋಡಿಸಿ, ಆ ಮಗ್ಗ ಒಂದು ತಿಂಗಳು ಬರೀ ಗಂಟು ನೇಯ್ದಿತ್ತಂತೆ. ಗೇಜು, ಮೀಟರು ಎಂದರೆ ಅವರಿಗೆ ಮೈ ಉರಿಯುತ್ತಿತ್ತು. “ಕಣ್ಣಲ್ಲಿ ನೋಡೋನು ನೆಯ್ಗೇಯವನಲ್ಲಡಾ, ಕಿವೀಲಿ ಕೇಳೋನು ನೆಯ್ಗೇಯವನು” ಎನ್ನುತ್ತಿದ್ದರು. ಈ ಮಾತನ್ನು ಅವರು ಕಾರಿನಲ್ಲೇ ಸಾಧಿಸಿ ತೋರಿಸಿದ್ದರು. ಹಿಂದಿನ ಸೀಟಿನಲ್ಲಿ, ಸರಿಯಾಗಿ ನನ್ನ ಬೆನ್ನ ಹಿಂದೆ ಕೂತು, ಮುಂದಿನ ಸೀಟಿನ ಬೆನ್ನಿಗೆ ಹೊದಿಸಿದ ಬಿಳಿ ಟವೆಲಿನ ತುದಿ ಹಿಡಿದು, ಅರೆಗಣ್ಣು ಮುಚ್ಚಿ, “ಐವತ್ತೆಂಟು. ಮೆಲ್ಲಗೆ ಹೋಗುಡಾ” ಎಂದರೆ ಸ್ಪೀಡೋಮೀಟರು ಐವತ್ತೆಂಟೇ ತೋರಿಸುತ್ತಿತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೂವತ್ತು ವರ್ಷ ಮಗ್ಗದ ತಾಳ ಕೇಳಿದ ಕಿವಿ ಎಂದು ಜನ ಬೆರಗಾದರು. ಪಕ್ಕದ ಬೀದಿಯವರು ಈ ಕಿವಿಯನ್ನು ಪರೀಕ್ಷಿಸಲೆಂದೇ ಕಾರು ಹತ್ತುತ್ತಿದ್ದರು. ನಾನೋ ಮುಳ್ಳಿನ ಭಕ್ತ. ಆ ಕಿವಿಯ ಮುಂದೆ ನನ್ನ ಮತಕ್ಕೆ ದಿನವೂ ಅವಮಾನ.

ದೊಡ್ಡಪ್ಪ ಹೆಚ್ಚು ಮಾತಾಡುವವರಲ್ಲ. ನಾನು ಮುಂದಿನಿಂದ ಏನಾದರೂ ಕೇಳಿದರೆ ಉತ್ತರವೇ ಬರುತ್ತಿರಲಿಲ್ಲ. ಯಜಮಾನರ ಗಾಂಭೀರ್ಯ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಹೀಗಿರುವಾಗ ಒಂದು ಮದುವೆಗೆ ಹೋಗುತ್ತ ಅವಿನಾಶಿ ರಸ್ತೆಯಲ್ಲಿ ಕಾರು ಕಾದು ಕುದಿಯಿತು. ಬಾನೆಟ್ಟಿನಿಂದ ಆವಿ ಎದ್ದು, ರೇಷ್ಮೆ ಸೀರೆಯ ದೊಡ್ಡಮ್ಮ ಹುಣಸೆ ಮರದ ಕೆಳಗೆ ಕೂತು, ನಾವು ಮದುವೆಗೆ ತಲುಪಿದಾಗ ಎಲೆ ಎತ್ತುತ್ತಿದ್ದರು. ದೊಡ್ಡಪ್ಪನ ತೀರ್ಪು ಅಲ್ಲೇ ಬಂತು. “ಇನ್ನೊಂದ್ದಪ ಕಾಯ್ತು ಅಂದ್ರೆ, ಕೀ ಕೆಳಗಿಡು. ಕೂಲಿಗೆ ಡ್ರೈವರ್ ಇಟ್ಕೋತೀನಿ.”

ನನ್ನ ಪಾಡು ನೋಡಿ. ಕಾರು ಕಾದರೆ ಕೀ ಹೋಯಿತು. ಕಾಯುವುದನ್ನು ಮೊದಲೇ ತಿಳಿಯಲು ಗೇಜು ಹಾಕಿದರೆ, ತೂತು ಬಿದ್ದು ಆಗಲೂ ಕೀ ಹೋಯಿತು. ಆ ಕೀ ಹೋದರೆ ಸೈಕಲ್ಲಿನಲ್ಲಿ ಮಿಲ್ಲಿಗೆ ಹೋಗುವ ಒಬ್ಬ ತೇವ ನೋಡುವವನು, ಅಷ್ಟೇ ನಾನು. ಇಪ್ಪತ್ತಾರು ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಭಯ ಬೇರೆ ಇರಲಿಲ್ಲ.

ಪೆರಿಯನಾಯಕನಪಾಳ್ಯಂನಲ್ಲಿ ರಂಗಸಾಮಿ ಎಂಬ ಮೆಕ್ಯಾನಿಕ್ ಇದ್ದ. ಸರ್ವೀಸಿಗೆಂದು ಕಾರು ಒಯ್ದವನು ವಿಷಯ ಗುಟ್ಟಾಗಿರಬೇಕೆಂದು ಮೆಲ್ಲಗೆ ಹೇಳಿದೆ. ಅವನು ನಗಲಿಲ್ಲ. ಬೀಡಿ ಆರಿಸಿ, “ಕವಲೈಪಡಾದೀಂಗ ತಂಬಿ” ಎಂದು ಸಮಾಧಾನ ಹೇಳಿದ. ಸಿಂಗಾನಲ್ಲೂರಿಗೆ ಗುಟ್ಟಿನ ಕೆಲಸ ಮಾಡಿ ತನಗೆ ಅಭ್ಯಾಸವಿದೆ ಎಂದೂ ಸೇರಿಸಿದ. ನಾನು ಅದನ್ನು ವ್ಯಾಪಾರದ ಮಾತೆಂದುಕೊಂಡೆ.

ಡ್ಯಾಶ್‌ಬೋರ್ಡಿನ ನಡುವೆ ದೊಡ್ಡಮ್ಮ ಕೂರಿಸಿದ ಚೌಡೇಶ್ವರಿಯ ಪಟವಿತ್ತು. ಅಂಗೈಯಗಲದ್ದು, ಮರದ ಚೌಕಟ್ಟಿನದು. ರಂಗಸಾಮಿ ಅದರ ಮೇಲಂಚಿಗೆ ಸಣ್ಣ ಕೀಲು ಹಾಕಿ, ಅದರ ಹಿಂದೆ ಟೆಂಪರೇಚರ್ ಗೇಜು ಕೂರಿಸಿದ. ಪಟ ಎತ್ತಿದರೆ ಮುಳ್ಳು, ಬಿಟ್ಟರೆ ದೇವಿ. ನಾನು ಅಷ್ಟಕ್ಕೇ ತೃಪ್ತಿಪಡಬೇಕಿತ್ತು. ಆದರೆ ಗೇಜು ಎಂಬುದು ಹಲಸಿನ ತೊಳೆಯಂತೆ, ಒಂದಕ್ಕೆ ಕೈ ನಿಲ್ಲುವುದಿಲ್ಲ. ಮುಂದಿನ ತಿಂಗಳು ಆಯಿಲ್ ಪ್ರೆಶರ್ ಗೇಜು ಬಂತು, ಡ್ಯಾಶ್ಬೋರ್ಡಿನ ಸಾಮಾನಿನ ಡಬ್ಬಿಯೊಳಗೆ ಕೂತಿತು. ಅದರ ಮುಂದಿನ ತಿಂಗಳು ಬ್ಯಾಟರಿಯ ಆಂಪ್ ಮೀಟರು ಸ್ಟಿಯರಿಂಗಿನ ಕೆಳಗೆ, ನನ್ನ ಮೊಣಕಾಲ ಹತ್ತಿರ, ತಲೆ ಬಗ್ಗಿಸಿದರೆ ಮಾತ್ರ ಕಾಣುವಂತೆ ಸೇರಿತು.

ಅಡಗಿಸುವುದು ಸುಲಭ, ಅಡಗಿಸಿದ್ದನ್ನು ನೋಡುವುದು ಕಷ್ಟ. ಗೇರು ಹಾಕುವ ಎಡಗೈಗೆ ಪಟ ಹತ್ತಿರವೇ ಇತ್ತು. ಆದರೆ ದೇವಿಯನ್ನು ಎಡಗೈಯಲ್ಲಿ ಮುಟ್ಟುವುದುಂಟೆ? ಹಿಂದೆ ದೊಡ್ಡಮ್ಮ ಕೂತಿದ್ದಾರೆ. ಆದ್ದರಿಂದ ಎಡಗೈಗೆ ಸ್ಟಿಯರಿಂಗ್ ಕೊಟ್ಟು, ಬಲಗೈಯನ್ನು ಅಡ್ಡ ಚಾಚಿ, ಪಟ ಚೂರು ಎತ್ತಿ, ಮುಳ್ಳು ನೋಡಿ, ಇಳಿಸಿ, ಅನುಮಾನ ಬರಬಾರದೆಂದು ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಆಮೇಲೆ ಆಂಪ್ ಮೀಟರಿಗಾಗಿ ತಲೆ ಬಗ್ಗಿಸುತ್ತಿದ್ದೆ. ಆಮೇಲೆ ಡಬ್ಬಿ ತೆರೆಯಲು ಒಂದು ನೆಪ ಬೇಕಲ್ಲ, ಅದಕ್ಕೆ ಒಳಗೆ ಪೆಪ್ಪರ್‌ಮೆಂಟು ಇಟ್ಟು, ತೆರೆದಾಗಲೆಲ್ಲ ಕಾರಿನಲ್ಲಿದ್ದವರಿಗೆ ಒಂದೊಂದು ಹಂಚುತ್ತಿದ್ದೆ.

ಒಂದು ದಿನ ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ನಮ್ಮ ವಂಶದಾಗೆ ಇಂಥ ಭಕ್ತಿ ಯಾರಿಗೂ ಇರ್ಲಿಲ್ಲ ಕಣ್ಣು. ಅಮ್ಮನ್ನ ಮುಟ್ಟಿ, ಕಣ್ಣಿಗೊತ್ತಿ, ತಲೆ ಬಗ್ಸಿ, ಪ್ರಸಾದ ಬೇರೆ ಕೊಡ್ತಾನಲ್ಲ!”

ನನಗೆ ಆಗಲೇ ಗೊತ್ತಾದದ್ದು, ನಾನು ಮಾಡುತ್ತಿದ್ದದ್ದು ದರ್ಶನ, ನಮಸ್ಕಾರ, ಪ್ರಸಾದ ವಿನಿಯೋಗ ಎಂದು. ಸುದ್ದಿ ಹಬ್ಬಿತು. ಸಿಂಗಾನಲ್ಲೂರಿನಲ್ಲಿ ಒಬ್ಬ ಹುಡುಗನಿದ್ದಾನೆ, ಸಿಗರೇಟಿಲ್ಲ, ಸಿನಿಮಾ ಇಲ್ಲ, ಮೂರು ಮೈಲಿಗೊಂದು ಪೂಜೆ! ತಿರುಪ್ಪೂರಿನಲ್ಲಿ ಬನಿಯನ್ ಹೊಲಿಸುವ ನಮ್ಮವರೊಬ್ಬರು, ತಮ್ಮ ಮನೆಯಲ್ಲಿದ್ದ ಕೊಳ್ಳೇಗಾಲದ ಅಕ್ಕನ ಮಗಳಿಗೆ ಹೀಗೊಂದು ವರ ಬೇಕೆಂದು ಹೇಳಿ ಕಳಿಸಿದರು. ನವರಾತ್ರಿ ಕಳೆದ ಮೇಲೆ ಹೆಣ್ಣು ನೋಡಲು ಹೋಗುವುದೆಂದಾಯಿತು. ಈಗ ಗುಟ್ಟು ಒಡೆದರೆ ಕೀ ಹೋಗುತ್ತದೆ, ಭಕ್ತಿ ಹೋಗುತ್ತದೆ, ಭಕ್ತಿಯ ಬೆನ್ನಿಗೆ ಹುಡುಗಿಯೂ ಹೋಗುತ್ತಾಳೆ. ಮೂರು ಗೇಜಿಗೆ ಇಷ್ಟು ಭಾರ ಹೊರಿಸಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನೇಯುವವರ ಮನೆಯ ಆಯುಧಪೂಜೆ ಎಂದರೆ ಆಟವಲ್ಲ. ಮನೆಯಲ್ಲಿ ದುಡಿಯುವ ಯಾವ ವಸ್ತುವೂ ಗಂಧ ಕುಂಕುಮದ ಬೊಟ್ಟಿಲ್ಲದೆ ಇರಬಾರದು. ಮಗ್ಗಕ್ಕೆ, ಲಾಳಿಗೆ, ಕತ್ತರಿಗೆ, ಇಳಿಗೆಮಣೆಗೆ, ಟಾರ್ಚಿಗೆ, ಛತ್ರಿಗೆ ಎಲ್ಲಕ್ಕೂ ಬೊಟ್ಟು. ಬೊಟ್ಟಿಡದ ಆಯುಧ ವರ್ಷವಿಡೀ ಯಜಮಾನನ ಮೇಲೆ ಮುನಿಯುತ್ತದೆ ಎಂದು ನಂಬಿಕೆ. ಮುಳ್ಳನ್ನೇ ನಂಬುವ ನಾನು ಇದನ್ನೂ ನಂಬುತ್ತಿದ್ದೆ. ನಮ್ಮ ಮನೆಯಲ್ಲಿ ಹುಟ್ಟಿ ನಂಬದೆ ಇರಲು ಸಾಧ್ಯವಿರಲಿಲ್ಲ. ದುಡಿಯುವ ಮೂರು ಗೇಜುಗಳು ಕತ್ತಲೆಯಲ್ಲಿ ಹಣೆ ಬರಿದಾಗಿ ಕೂತಿದ್ದವು. ಅವಕ್ಕೂ ಗುಟ್ಟಾಗಿ ಬೊಟ್ಟಿಡಬೇಕೆಂದುಕೊಂಡೆ.

ಬೆಳಗಿನ ಮಿಲ್ಲಿನ ಸೈರನ್ ಕೂಗುತ್ತಿದ್ದಂತೆ ಎದ್ದು, ಬಾಳೆಲೆಯ ಚೂರಿನಲ್ಲಿ ಗಂಧ ಕುಂಕುಮ ಹಿಡಿದು, ಕಾರಿನ ಬಾಗಿಲು ಸದ್ದಾಗದಂತೆ ತೆರೆದು ಕೂತೆ. ಪಟ ಎತ್ತಿದೆ. ಗೇಜಿನ ಹಣೆಯ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಇನ್ನೂ ಹಸಿ.

ಡಬ್ಬಿ ತೆರೆದೆ, ಅಲ್ಲೂ ಬೊಟ್ಟು. ತಲೆ ಬಗ್ಗಿಸಿದೆ, ಆಂಪ್ ಮೀಟರಿಗೂ ಬೊಟ್ಟು. ಹೋಯಿತು, ಕೀ ಹೋಯಿತು ಎಂದುಕೊಂಡು ತಲೆ ಎತ್ತಿದರೆ, ಕನ್ನಡಿಯಲ್ಲಿ ದೊಡ್ಡಪ್ಪ ಕಂಡರು. ಹಿಂದಿನ ಸೀಟಿನಲ್ಲಿ ಬೆಳ್ಳಿ ಬಟ್ಟಲು ಹಿಡಿದು ಕೂತಿದ್ದರು. ನಾನು ಬಾಗಿಲು ತೆರೆದದ್ದು ಅವರಿಗೆ ತಿಳಿದೇ ಇರಲಿಲ್ಲ. ನನ್ನ ಬೆನ್ನ ಹಿಂದಿನ ಬಿಳಿ ಟವೆಲನ್ನು ಎತ್ತಿ, ಬಗ್ಗಿ, ಅಲ್ಲಿ ಏನಕ್ಕೋ ಬೊಟ್ಟಿಡುತ್ತಿದ್ದರು.

ನಾನು ತಿರುಗಿ, ಸೀಟಿನ ಮೇಲಿಂದ ಬಗ್ಗಿ ನೋಡಿದೆ. ಅಲ್ಲೊಂದು ಸ್ಕೂಟರಿನ ಸ್ಪೀಡೋಮೀಟರ್ ಇತ್ತು.

ದೊಡ್ಡಪ್ಪ ತಲೆ ಎತ್ತಿದರು. ಇಬ್ಬರೂ ಬೆಲ್ಲ ಕದ್ದ ಹುಡುಗರಂತೆ ಒಬ್ಬರನ್ನೊಬ್ಬರು ನೋಡಿದೆವು.

“ರಂಗಸಾಮಿ?” ಎಂದೆ.

ಅವರು ನನ್ನ ತುಟಿಯನ್ನೇ ನೋಡುತ್ತ, “ಮೊಗ ಸರ್ಯಾಗಿ ನನ್ನ ಕಡೆ ತಿರುಗ್ಸಿ ಮಾತಾಡು ಕಣ್ಣು” ಎಂದರು.

ತಿರುಗಿಸಿ ಮತ್ತೆ ಕೇಳಿದೆ. ಹೌದೆಂದು ತಲೆಯಾಡಿಸಿದರು. “ಹಿಂದಿನ ಚಕ್ರದಿಂದ ಕೇಬಲ್ ಎಳ್ದವ್ನೆ. ನಿಂದು ಮೂರು ಗೇಜು ನಾ ಆವಾಗ್ಲೇ ನೋಡ್ದೆ. ಪೆಪ್ಪರ್‌ಮೆಂಟು ಬೇಕಾಯ್ತು, ಡಬ್ಬಿ ತೆಗೆದೆ. ಒಂದು ಸಿಕ್ಕಿದ್ಮೇಲೆ ಮಿಕ್ಕಿದ್ದು ಹುಡುಕೋದು ಎಷ್ಟೊತ್ತು?”

“ಮತ್ತೆ ಕೀ ಯಾಕೆ ಕಿತ್ಕೊಳ್ಲಿಲ್ಲ ದೊಡ್ಡಪ್ಪ?”

“ಯಾವ ಮೊಗ ಇಟ್ಕೊಂಡು ಕೇಳ್ಲಿ? ನನ್ನದೇ ನಾಲ್ಕು ತೂತು.” ಬಟ್ಟಲಿನ ಗಂಧವನ್ನು ಬೆರಳಲ್ಲಿ ಕಲೆಸಿದರು. “ಕಿವಿ ಹೋಗಿ ಬಾಳ ವರ್ಷ ಆಯ್ತು. ಮಗ್ಗದ ಸದ್ದು ತಿಂದ್ಬುಡ್ತು. ಶೆಡ್ನಾಗೆ ಮಗ್ಗದ ಮೇಲೆ ಕೈಯಿಡ್ತೀನಿ, ಕಬ್ಬಿಣ ನಡುಗೋದ್ರಲ್ಲೇ ತಿಳಿತದೆ. ವಂಡೀಲಿ ಎಲ್ಲಿ ಕೈಯಿಡ್ಲಿ? ಕಿವುಡ ಮೇಸ್ತ್ರಿ ಅಂತ ಒಂದ್ದಪ ಗೊತ್ತಾಯ್ತು ಅಂದ್ರೆ, ನಾಳೆ ಶೆಡ್ಡಿಗೆ ಕಾಲಿಡೋಕೆ ಬಿಡ್ತಾರಾ ನನ್ನ?”

ಇಷ್ಟು ದಿನ ಅವರ ಗಾಂಭೀರ್ಯಕ್ಕೆ ಹೆದರಿ ಸುಮ್ಮನಿದ್ದೆನಲ್ಲ, ಅವರು ಪಾಪ, ಕೇಳಿಸಿಕೊಂಡೇ ಇರಲಿಲ್ಲ. ನನಗೆ ಅಳು ಬಂತು. ನಾನು ಬರೀ ಕಾರಿನ ಕೀಗೆ ಹೆದರಿದ್ದೆ, ಅವರು ಇಡೀ ಮನೆಯ ಕೀ ಹಿಡಿದುಕೊಂಡು ಹೆದರಿದ್ದರು.

ಅಲ್ಲೇ ಒಪ್ಪಂದವಾಯಿತು. ನಾನು ಭಕ್ತಿ ಬಿಡಬಾರದು, ಅವರು ಕಣ್ಣು ಮುಚ್ಚುವುದು ಬಿಡಬಾರದು. ಅರ್ಧ ಗಂಟೆಯ ನಂತರ ದೊಡ್ಡಮ್ಮ ಗಂಧದ ಬಟ್ಟಲು ಹಿಡಿದು ಬಂದು, ಕಾರಿನ ಹಾರನ್ನಿಗೂ ಬೊಟ್ಟಿಟ್ಟು, ಟವೆಲಿನ ಕಡೆ ಕೈ ಚಾಚಿದಾಗ ನಾವಿಬ್ಬರೂ ಒಟ್ಟಿಗೇ “ಅಲ್ಲೇನಿಲ್ಲ!” ಎಂದೆವು.

ಹೆಣ್ಣು ನೋಡುವ ದಿನ ಹುಡುಗಿಯ ಸೋದರಮಾವ, ಆ ಬನಿಯನ್ನಿನವರು, ನೂಲಿನ ಕೆಲಸಕ್ಕೆಂದು ಬೆಳಿಗ್ಗೆಯೇ ಸಿಂಗಾನಲ್ಲೂರಿಗೆ ಬಂದಿದ್ದವರು, ದಾರಿ ತೋರಿಸುತ್ತೇನೆಂದು ನಮ್ಮ ಕಾರನ್ನೇ ಹತ್ತಿದರು. ನನ್ನ ಪಕ್ಕದಲ್ಲಿ, ಸ್ಪೀಡೋಮೀಟರ್ ಕಾಣುವಂತೆ ಕೂತರು. ಹಿಂದೆ ದೊಡ್ಡಪ್ಪ, ದೊಡ್ಡಮ್ಮ. ಊರು ದಾಟಿದ್ದೇ ಸೋದರಮಾವ ಹಿಂದಕ್ಕೆ ತಿರುಗಿ, “ನಿಮ್ಮ ಕಿವಿ ವಿಷಯ ಬಾಳ ಕೇಳಿದ್ದೀನಿಂಗ. ಈಗ ಎಷ್ಟರಲ್ಲಿ ಹೋಗ್ತಿದೆ ಹೇಳ್ರೀಂಗ ನೋಡಾಣ” ಎಂದರು.

ಕನ್ನಡಿಯಲ್ಲಿ ನೋಡಿದೆ. ದೊಡ್ಡಪ್ಪ ಟವೆಲಿನ ತುದಿ ಎತ್ತಿ ಇಣುಕಿದರು, ಬಿಟ್ಟರು, ಮತ್ತೆ ಎತ್ತಿದರು. ಮುಖ ಬಿಳುಚಿತ್ತು. ಕೇಬಲ್ ಕಡಿದುಹೋಗಿತ್ತು! ಕಾರು ಓಡುತ್ತಿದೆ, ಅವರ ಮುಳ್ಳು ಸೊನ್ನೆಯ ಮೇಲೆ ಮಲಗಿದೆ.

“ಏನುಂಗ?” ಎಂದರು ಸೋದರಮಾವ.

ನಾನು ಹೇಗೆ ಮಾಡಿದೆನೋ ತಿಳಿಯದು. ಬಲಗೈಯನ್ನು ಬಾಗಿಲ ಕಡೆಯಿಂದ ಸೀಟಿನ ಹಿಂದಕ್ಕೆ ಇಳಿಬಿಟ್ಟು, ಐದು ಬೆರಳು ಬಿಚ್ಚಿದೆ. ಮುಚ್ಚಿ, ಎರಡು ಬಿಚ್ಚಿದೆ.

“ಐವತ್ತೆರಡು” ಎಂದರು ದೊಡ್ಡಪ್ಪ, ಕಣ್ಣು ಮುಚ್ಚಿ.

ಸೋದರಮಾವ ಹೌಹಾರಿದರು. ಇಂಥವರಿಗೆ ಒಂದು ಸಲ ಸಾಕಾಗುತ್ತದೆಯೇ? ತಿರುಪ್ಪೂರಿನವರೆಗೂ ಕೇಳಿದ್ದೇ ಕೇಳಿದ್ದು. ನಲವತ್ತೊಂದು, ಐವತ್ತೈದು, ಮೂವತ್ಮೂರು. ನನ್ನ ಬಲಗೈ ಹಿಂದೆಯೇ ದುಡಿಯಿತು. ಬಲಗೈ ಅಲ್ಲಿರುವಾಗ ದೇವಿಯ ಪಟ ಎತ್ತುವುದು ಯಾವ ಕೈಯಲ್ಲಿ? ಒಂದು ಸಲವೂ ಎತ್ತಲಿಲ್ಲ. ಮುಳ್ಳು ನೋಡದೆ ಅಷ್ಟು ದೂರ ಕಾರು ಓಡಿಸಿದ್ದು ನನ್ನ ಜೀವನದಲ್ಲೇ ಮೊದಲು. ಸರಿಯಾಗಿ ಹುಡುಗಿಯ ಮನೆಯ ಬಾಗಿಲಲ್ಲಿ, ರಂಗೋಲಿಯ ಮೇಲೆ, ಕಾರು ಬುಸ್ಸೆಂದು ಕಾದು ಕುದಿಯಿತು. ಆವಿಯ ಆಚೆ ಯಾರೋ ಹುಡುಗಿ ಕಿಟಕಿಯಲ್ಲಿ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದು ಕಂಡಿತು.

ಮುಗಿಯಿತು ಎಂದು ನಾನು ಕೀಯನ್ನು ತೆಗೆದು, ಹಿಂದಕ್ಕೆ ತಿರುಗಿ, ದೊಡ್ಡಪ್ಪನ ಕಡೆ ಚಾಚಿದೆ. ಮಾತು ಮಾತೇ ಅಲ್ಲವೇ?

ಸೋದರಮಾವ ಇಳಿದು ಆವಿಯನ್ನು ನೋಡಿದರು, ದೇವಿಯ ಪಟವನ್ನು ನೋಡಿದರು, ನನ್ನನ್ನು ನೋಡಿದರು. ಮೈ ಜುಂ ಎಂದಿತೇನೋ, ಕೈಮುಗಿದರು. “ದಿನಾ ಕೈಮುಗಿದು ಕುಂಬುಡೋ ಹುಡುಗ ಇವತ್ತು ಅಮ್ಮನ್ನ ಮುಟ್ಲೇ ಇಲ್ಲ, ನಾನೇ ನೋಡಿದೆ. ನೋಡ್ರೀಂಗ, ವಂಡಿ ಹೆಂಗೆ ಕಾದೋಯ್ತು! ಇದಕ್ಕಿಂತ ಸಾಕ್ಷಿ ಬೇಕಾ?” ಎಂದು ಒಳಗಿನವರಿಗೆ ಕೂಗಿ ಹೇಳಿದರು. ಕಾಫಿ ಬರುವುದರೊಳಗೆ ಮಾತು ಮುಗಿದುಹೋಗಿತ್ತು. ನನ್ನ ಯೋಗ್ಯತೆ ರುಜುವಾದದ್ದು ಹೀಗೆ, ರೇಡಿಯೇಟರ್ ಕುದಿದು.

ದೊಡ್ಡಪ್ಪ ಕೀಯನ್ನು ನನ್ನ ಅಂಗೈಯಲ್ಲೇ ಇಟ್ಟು, ಬೆರಳು ಮಡಚಿದರು.

ಮರುದಿನ ಕೇಬಲ್ ಹಾಕಿಸೋಣವೆಂದು, ಮುಖ ಅವರ ಕಡೆ ಸರಿಯಾಗಿ ತಿರುಗಿಸಿ ಕೇಳಿದೆ. “ಬ್ಯಾಡ ಕಣ್ಣು, ಅದು ಕಡೀತದೆ. ನೀನು ಇದ್ದೀಯಲ್ಲ” ಎಂದರು. ಆಮೇಲೆ ಆ ಕಾರು ಮನೆಯಲ್ಲಿದ್ದಷ್ಟು ವರ್ಷವೂ ನನ್ನ ಬೆರಳುಗಳೇ ಅವರ ಮುಳ್ಳಾದವು. ಮದುವೆಯಾಗಿ ಬಂದ ಹೆಂಡತಿ ಮೊದಲ ಸವಾರಿಯಲ್ಲಿ ದೊಡ್ಡಪ್ಪನ ಪಕ್ಕ ಕೂತಿದ್ದಳು. ಎರಡು ಮೈಲಿ ಹೋಗುವಷ್ಟರಲ್ಲಿ ನನ್ನ ಕೈಯನ್ನು ನೋಡಿದಳು, ಟವೆಲು ನೋಡಿದಳು, ದೊಡ್ಡಪ್ಪನ ಮುಖ ನೋಡಿದಳು. ಮೆಲ್ಲಗೆ ಸೆರಗನ್ನು ಹರಡಿಕೊಂಡು, ದೊಡ್ಡಮ್ಮನಿಗೆ ನನ್ನ ಕೈ ಕಾಣದಂತೆ ಮರೆಮಾಡಿದಳು. ನಾನು ಅವಳನ್ನು ಮೆಚ್ಚಿದ್ದು ಹೆಣ್ಣು ನೋಡಿದ ದಿನವಲ್ಲ, ಅವತ್ತು.

ದೊಡ್ಡಪ್ಪ ಹೋಗುವವರೆಗೂ ಶೆಡ್ಡಿಗೆ ಅವರೇ ಮೇಸ್ತ್ರಿಯಾಗಿದ್ದರು. ಅವರ ಕಿವಿಯ ಕೀರ್ತಿ ಈಗಲೂ ನಮ್ಮ ಬೀದಿಯಲ್ಲಿದೆ. ಕಾರು ಗುಜರಿಗೆ ಹೋದ ದಿನ ನಾನು ದೇವಿಯನ್ನು ಬಿಚ್ಚಿದೆ, ದೇವಿಯ ಹಿಂದಿನದನ್ನೂ ಬಿಚ್ಚಿ ತಂದೆ.

ಈ ವರ್ಷವೂ ಆಯುಧಪೂಜೆಯ ದಿನ ಹೆಂಡತಿ ಎಲ್ಲಕ್ಕೂ ಬೊಟ್ಟಿಟ್ಟಳು. ಮಿಕ್ಸಿಗೆ, ಸ್ಕೂಟರಿಗೆ, ಗೂಡಿನೊಳಗಿನ ಗೇಜಿಗೆ. ಬಟ್ಟಲಿನಲ್ಲಿ ಇನ್ನೂ ಸ್ವಲ್ಪ ಗಂಧ ಉಳಿದಿತ್ತು. ಪೇಪರು ಓದುತ್ತ ಕೂತಿದ್ದ ನನ್ನ ಹತ್ತಿರ ಬಂದು, “ಬಲಗೈ ಚಾಚಿ” ಎಂದಳು. ಚಾಚಿದೆ. ಐದು ಬೆರಳಿಗೂ ಒಂದೊಂದು ಬೊಟ್ಟಿಟ್ಟು, ಮುಂದಿನ ಕೆಲಸಕ್ಕೆ ಹೋದಳು.